ಅಪ್ಪ ತೇದ ಬಂಗಾರ

ಅದು ೨೦೧೩ರ ಬೇಸಿಗೆ. ಗಂಡನೊಂದಿಗೆ ನನ್ನ ತವರು ಕುಷ್ಟಗಿಗೆ ಹೋಗಿದ್ದೆ. ಅಪ್ಪ ಅಲ್ಲಿ ಪತ್ತಾರರು, ಬಂಗಾರದ ಕೆಲಸದಲ್ಲಿ ಹೆಸರು ಮಾಡಿದವರು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಅಪ್ಪ ಚೊಕ್ಕ ಬಂಗಾರದ ತುಣುಕನ್ನು ಸಾಣೆಕಲ್ಲಿನ ಮೇಲೆ ಜೇನಿನಲ್ಲಿ ತೇದು ಕೊಡುತ್ತಿದ್ದರು. ಕೂಸಿನ ನಾಲಿಗೆಗೆ ಅದನ್ನು ಸವರಿದರೆ ರೋಗ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ.

ಆ ವರ್ಷ ಅಪ್ಪನ ನಾಲಿಗೆಯ ಅಂಚಿನಲ್ಲೇ ಹುಣ್ಣಾಗಿ ಮಾಯದೆ ಉಳಿಯಿತು. ಹಲ್ಲಿನ ಡಾಕ್ಟರು ಸುಮ್ಮನೆ ಕೂಡಬೇಡಿ, ಹುಬ್ಬಳ್ಳಿಗೆ ಹೋಗಿ ಹುಣ್ಣಿನ ಚೂರು ತೆಗೆಸಿ ಕ್ಯಾನ್ಸರ್ ಪರೀಕ್ಷೆ ಮಾಡಿಸಿ ಎಂದಿದ್ದರು. ಅಪ್ಪ ಹೊರಡುವ ಹಿಂದಿನ ದಿನವೇ ಆಗಬೇಕೆ! ಪೇಪರ್ ಓದುತ್ತ ಕೂತಿದ್ದ ನನ್ನ ಗಂಡ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಬಂಗಾರದ ಅತಿ ಸೂಕ್ಷ್ಮ ಕಣಗಳನ್ನು ಕ್ಯಾನ್ಸರ್ ಗಡ್ಡೆಯೊಳಗೆ ಸೇರಿಸಿ, ಬೆಳಕು ಹಾಯಿಸಿ, ಗಡ್ಡೆಯನ್ನಷ್ಟೇ ಸುಡುವ ಪ್ರಯೋಗ ನಡೆದಿದೆಯಂತೆ. ಸೋಂಕು ತರುವ ರೋಗಾಣುಗಳ ಮೇಲೂ ಪರೀಕ್ಷಿಸುತ್ತಿದ್ದಾರಂತೆ. ಪ್ರಯೋಗ ಎಂಬ ಮಾತು ಅಪ್ಪನ ಕಿವಿಗೆ ಬೀಳಲಿಲ್ಲ. ಬಂಗಾರ ಎಂಬುದಷ್ಟೇ ಬಿತ್ತು.

"ಹಿತ್ತಲ ಗಿಡ ಮದ್ದಲ್ಲ ಅಂತ ನಾನೂ ಹುಬ್ಬಳ್ಳಿಗೆ ಓಡಾಕ ಹತ್ತಿದ್ನಲ್ಲ," ಎಂದು ನಕ್ಕರು. "ಊರ ಕೂಸುಗಳಿಗೆಲ್ಲ ತೇದು ಕೊಟ್ಟೇನಿ. ನನಗ ನಾ ತೇದ್ಕೊಳ್ಳಾಕ ಬರಂಗಿಲ್ಲೇನು?"

ಹುಬ್ಬಳ್ಳಿ ಅಲ್ಲಿಗೇ ನಿಂತಿತು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂಗಾರ ತೇದು ನೆಕ್ಕತೊಡಗಿದರು. ನಾನೇನು ಬಾಯಿ ಮುಚ್ಚಿಕೊಂಡು ಕೂಡುವವಳಲ್ಲ. ಬೈದೆ, ಕಣ್ಣೀರಿಟ್ಟೆ, ಗಂಗಾವತಿಯ ಗಂಡನ ಮನೆಗೆ ಮರಳಿದ ಮೇಲೂ ಫೋನಿನಲ್ಲಿ ಜಗಳಾಡಿದೆ. ಪತ್ತಾರನಿಗೆ ಬಂಗಾರದ ಪಾಠ ಹೇಳಬ್ಯಾಡ ಎಂದು ಫೋನ್ ಇಟ್ಟುಬಿಡುತ್ತಿದ್ದರು. ಒಮ್ಮೊಮ್ಮೆ ಉರಿ ಕಡಿಮೆಯಾಗಿದೆ ಎನ್ನುತ್ತಿದ್ದರು. ದೀಪಾವಳಿಗೆ ಹೋದಾಗ ನೋಡಿದರೆ, ಹೋಳಿಗೆಯನ್ನು ಹಾಲಿನಲ್ಲಿ ಕಲಸಿ ಕೊಟ್ಟರೂ ನುಂಗಲಾಗದೆ ತಾಟು ಸರಿಸಿದರು. ಕುತ್ತಿಗೆಯಲ್ಲಿ ಗಂಟು ಕೈಗೆ ಹತ್ತುತ್ತಿತ್ತು. ಅಳುತ್ತಲೇ ಹುಬ್ಬಳ್ಳಿಗೆ ಕರೆದೊಯ್ದೆ.

ಬೇಸಿಗೆಯಲ್ಲೇ ಬಂದಿದ್ದರೆ ನಾಲಿಗೆಯ ಅಂಚಷ್ಟೇ ತೆಗೆದು ಉಳಿಸಿಕೊಳ್ಳಬಹುದಿತ್ತೇನೋ, ಈಗ ಬಹಳ ಹಬ್ಬಿದೆ, ನೋವು ಕಡಿಮೆ ಮಾಡಬಹುದಷ್ಟೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಅಪ್ಪ ತೊದಲುತ್ತ ಬಂಗಾರದ ಔಷಧ ಕೇಳಿದರು. ಡಾಕ್ಟರು ಬೇಸರಿಸದೆ ತಿಳಿಸಿದರು: ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಆ ಕಣ ಕಣ್ಣಿಗೇ ಕಾಣದಷ್ಟು ಸಣ್ಣದು, ಮನೆಯಲ್ಲಿ ತೇದ ಬಂಗಾರದಿಂದ ಈ ರೋಗ ವಾಸಿಯಾಗುವುದಿಲ್ಲ.

ಅಪ್ಪ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಂಡರು.

"ಹಂಗಾದ್ರ ನಾ ತೇದದ್ದು ದಪ್ಪ ಆತೇನ್ರಿ? ಇನ್ನಾ ಸಣ್ಣಗ ತೇಯ್ಬೇಕಿತ್ತೇನ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಅಪ್ಪನ ಆ ಬೆರಳುಗಳನ್ನು ಹಿಡಿದುಕೊಂಡೆ.

ಅಪ್ಪ ಯುಗಾದಿ ಕಾಣಲಿಲ್ಲ. ಈಗಲೂ ಪೇಪರಿನಲ್ಲಿ ಅಂಥ ಸುದ್ದಿ ಬಂದರೆ ಪೂರ್ತಿ ಓದುತ್ತೇನೆ. ಮುಂದೆ ಯಾರಿಗಾದರೂ ಒಳ್ಳೆಯದಾಗಲಿ ಎಂದುಕೊಳ್ಳುತ್ತೇನೆ. ಎಲ್ಲರೂ ಒಂದಿನ ಹೋಗುವವರೇ. ಆದರೆ ತನ್ನ ಕೈಕೆಲಸವೇ ಸಾಲದಾಯಿತು ಎಂದುಕೊಂಡು ಅಪ್ಪ ಹೋದರಲ್ಲ, ಅದನ್ನು ಮರೆಯಲಾಗುತ್ತಿಲ್ಲ.