ಕಾರಿನ ಕೆಳಗಿನಿಂದ ‘ಬಿಡಿ’ ಎಂದೆ

ಒಂದು ಕಡೆ ಕೂತು ಕಾಯುವುದು ನನಗೆ ಹುಟ್ಟಿನಿಂದಲೂ ಬಂದಿಲ್ಲ. ಹಾಲು ಕಾಯುವವರೆಗೆ ನಿಂತಲ್ಲೇ ನಿಂತವಳಲ್ಲ. ನಮ್ಮ ಮನೆಯ ಒಲೆ ನೋಡಿದವರಿಗೆ ಅದು ಗೊತ್ತಾಗುತ್ತದೆ. ಅಂಥವಳು ಆ ಶನಿವಾರ ಬೆಳಗಿನಿಂದ ಸಿಡ್ನಿಯ ವೆಸ್ಟ್‌ಮೀಡ್‌ನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು, ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಮೂಗಿನ ಮೇಲೆ ಹಳೆಯ ಗ್ರೀಸ್ ಉದುರುತ್ತಿತ್ತು. ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಮೆಷಿನ್ನು ಶುರು ಮಾಡುವುದು, ನಿಲ್ಲಿಸುವುದು, ಮತ್ತೆ ಶುರು ಮಾಡುವುದು. ಎದ್ದು ಹೋಗಿ ಅವನ ಕೈಯಿಂದ ಅದನ್ನು ಕಿತ್ತುಕೊಳ್ಳೋಣ ಅನ್ನಿಸುತ್ತಿತ್ತು.

ಕಾರು ನನ್ನದು. ಕೆಂಪು ಬಣ್ಣದ, ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಿಡಬಹುದಾದ ಹಳೆಯ ಸ್ಪೋರ್ಟ್ಸ್ ಕಾರು. ನಮ್ಮ ಪರಿಚಯದವರೆಲ್ಲ ಊರಿಂದ ಅಪ್ಪ ಅಮ್ಮ ಬಂದರೆ ಬೇಕಾಗುತ್ತದೆಂದು ಏಳು ಸೀಟಿನ ಕಾರು ಕೊಳ್ಳುತ್ತಿದ್ದ ಕಾಲ ಅದು. “ಅಕ್ಕಿ ಮೂಟೆ ಎಲ್ಲಮ್ಮ ಇಡ್ತೀಯ ಇದ್ರಲ್ಲಿ?” ಎಂದು ಆಂಟಿಯೊಬ್ಬರು ಕೇಳಿದ್ದರು. ಗಂಡನ ತೊಡೆ ಮೇಲೆ ಎಂದಿದ್ದೆ. ಅವರು ಮತ್ತೆ ಮಾತಾಡಿಸಲಿಲ್ಲ.

ಅದರ ಕ್ಲಚ್ ಕೈಕೊಟ್ಟಿತ್ತು. ಮೆಕ್ಯಾನಿಕ್ ಮುಂದಿನ ವಾರ ತನ್ನಿ ಎಂದ. ನನಗೆ ಮುಂದಿನ ವಾರ ಎಂಬುದೇ ಇರಲಿಲ್ಲ. ಸೋಮವಾರ ನಾನು ಮೆಲ್ಬರ್ನ್‌ನಲ್ಲಿ ಹೊಸ ಕೆಲಸಕ್ಕೆ ಹಾಜರಾಗಬೇಕಿತ್ತು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು ಸಿಡ್ನಿಗೆ ಬಂದ ಮೇಲೆ, ಇನ್ಯಾರೋ ಬರೆದ ಸಾಫ್ಟ್‌ವೇರ್ ಸರಿ ಇದೆಯೇ ಎಂದು ಒತ್ತಿ ಒತ್ತಿ ನೋಡುವ ಕೆಲಸದಲ್ಲಿ ಕೊಳೆಯುತ್ತಿದ್ದೆ. ಕಡೆಗೂ ಮೆಲ್ಬರ್ನ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದು ಕರೆದಿತ್ತು.

“ಪ್ಲೇನಲ್ಲಿ ಹೋಗು. ಕಾರನ್ನು ಇಲ್ಲೇ ಮಾರುವ,” ಎಂದಿದ್ದರು ನನ್ನ ಗಂಡ.

ನನಗದು ಬೇಡವಾಗಿತ್ತು. ವಿಮಾನದಲ್ಲಿ ಹೋದವರು ವಾಪಸ್ ಟಿಕೆಟ್ ಇಟ್ಟುಕೊಂಡೇ ಹೋಗುತ್ತಾರೆ. ಕಾರಿನಲ್ಲಿ ಹೋದರೆ ಹೋದ ಹಾಗೆ. ಇವರು ಜೊತೆಗೆ ಬರುತ್ತಾರೋ ಇಲ್ಲವೋ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ ಕಾಯಂ ಆಗಿ ನೆಲೆಸಲು ಪಿಆರ್ ಬರಲಿ, ಇಲ್ಲಿನ ಕೆಲಸ ಒಂದು ಹಂತಕ್ಕೆ ಬರಲಿ, “ನೋಡುವ” ಎನ್ನುತ್ತಿದ್ದರು. ಇವರು ಉಡುಪಿಯವರು, ಮನೆಮಾತು ತುಳು. ನಮ್ಮ ಕಡೆ ನೋಡೋಣ ಎಂದರೆ ಅದರಲ್ಲಿ ಅರ್ಧ ಹೂಂ ಇರುತ್ತದೆ, ಅರ್ಧ ಉಹೂಂ ಇರುತ್ತದೆ. ಇವರ ‘ನೋಡುವ’ದೊಳಗೆ ಏನಿದೆ ಎಂದು ಬಗೆದು ನೋಡಿದರೂ ತಿಳಿಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಕ್ಲಚ್ ತೆಗೆದು ಹೊಸದನ್ನು ಕೂರಿಸಿದ್ದಾಗಿತ್ತು. ಬಿಚ್ಚಿ ಕೆಳಗಿಳಿಸಿದ್ದ ಗೇರ್‌ಬಾಕ್ಸನ್ನು ಮತ್ತೆ ಮೇಲೆತ್ತಿ ಎಂಜಿನ್ನಿಗೆ ಸೇರಿಸಬೇಕು. ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಂತಿತ್ತು. ಗೇರ್‌ಬಾಕ್ಸ್ ಜಾಕಿನ ಮೇಲೆ ನನ್ನ ಎದೆಯ ಪಕ್ಕದಲ್ಲಿತ್ತು. ಜಾಕಿನ ಹಿಡಿ ಹೊರಗೆ ನಿಂತಿದ್ದ ಇವರ ಕೈಯಲ್ಲಿ. ಹಿಡಿ ಒತ್ತಿದರೆ ಏರುತ್ತದೆ, ತಿರುಗಿಸಿದರೆ ಇಳಿಯುತ್ತದೆ. ಗೇರ್‌ಬಾಕ್ಸಿನ ಮೂತಿಯಲ್ಲಿರುವ ಸರಳು ಕ್ಲಚ್ಚಿನ ನಡುವಿನ ತೂತಿಗೆ ಹೋಗಿ ಕೂರಬೇಕು. ಹೋಗಲೊಲ್ಲದು.

“ಒಂಚೂರು ಮೇಲೆ. ಇನ್ನೊಂಚೂರು. ಅಯ್ಯೋ, ಅಷ್ಟಲ್ಲ!”

ನನ್ನ ಕೈ ಸೋತಿತ್ತು, ತಲೆ ಕೆಟ್ಟಿತ್ತು. ಕೇಳಬಾರದ ಹೊತ್ತಿನಲ್ಲಿ ಕೇಳುವುದು ನನ್ನ ಜಾಯಮಾನ. ಕಾರಿನ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಇವರ ಹವಾಯಿ ಚಪ್ಪಲಿ ಮಾತ್ರ. ಅದನ್ನೇ ನೋಡಿಕೊಂಡು, “ರೀ, ನೀವು ಬರ್ತೀರೋ ಇಲ್ವೋ? ಒಂದ್ಸಲ ಹೇಳಿ, ಮುಗೀಲಿ,” ಎಂದೆ.

ಚಪ್ಪಲಿ ಆ ಕಡೆ ಈ ಕಡೆ ಹೊರಳಿತು. “ಮೊದಲು ಇದು ಆಗಲಿ. ಮತ್ತೆ ನೋಡುವ.”

“ಹೋಗ್ಲಿ, ಬಿಡಿ!” ಎಂದೆ.

ಅವರು ಬಿಟ್ಟರು. ಹಿಡಿಯನ್ನು ಪೂರ್ತಿ ತಿರುಗಿಸಿ ಬಿಟ್ಟರು. ಜಾಕು ಉಸ್ಸೆಂದು ಇಳಿಯಿತು, ಗೇರ್‌ಬಾಕ್ಸ್ ಅದರ ಮೇಲಿಂದ ಜಾರಿ ನನ್ನ ಎಡಭುಜಕ್ಕೆ ಬಡಿದು ರಟ್ಟಿನ ಮೇಲೆ ಉರುಳಿತು. ಒಂದು ಗೇಣು ಈಚೆ ಬಿದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಮೆಷಿನ್ನೂ ನಿಂತಿತು.

ತೆವಳಿಕೊಂಡು ಹೊರಗೆ ಬಂದರೆ ಇವರು ಜಾಕಿನ ಹಿಡಿಯನ್ನು ಇನ್ನೂ ಹಿಡಿದೇ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. “ನೀನೇ ಬಿಡಿ ಅಂತ ಹೇಳಿದ್ದಲ್ವಾ?”

“ಮಾತು ಬಿಡಿ ಅಂದೆ ಕಣ್ರೀ! ಜಾಕ್ ಬಿಡಿ ಅಂದ್ನಾ?”

“ನನ್ನ ಕೈಯಲ್ಲಿ ಇದ್ದದ್ದು ಜಾಕ್ ಅಲ್ವಾ ಮಾರಾಯ್ತಿ. ನಾನು ಎಂತ ಮಾಡುದು?”

ಶಾಲೆಯಲ್ಲಿ ಕಲಿತ ಕನ್ನಡ ಇವರದು. ಬಿಡಿ ಎಂದರೆ ಬಿಡುವುದು, ಹಿಡಿ ಎಂದರೆ ಹಿಡಿಯುವುದು. ನಮ್ಮ ಮೈಸೂರಿನ ಕಡೆ ದಿನಕ್ಕೆ ಎಷ್ಟು ಸಲ ಬಿಡಿ ಎನ್ನುತ್ತೇವೋ ಲೆಕ್ಕವಿಲ್ಲ, ಒಂದು ಸಲವೂ ಯಾರೂ ಏನನ್ನೂ ಬಿಡುವುದಿಲ್ಲ. ಇವರು ಓಡಿಹೋಗಿ ಫ್ರೀಜರಿನಿಂದ ತೆಂಗಿನತುರಿಯ ಪ್ಯಾಕೆಟ್ ತಂದು ನನ್ನ ಭುಜಕ್ಕೆ ಒತ್ತಿ ಹಿಡಿದರು. ನನಗೆ ಬೈಯಬೇಕೆನಿಸಿತು, ಅಳು ಬಂತು. ಪೆಟ್ಟಿನ ನೋವಿಗಲ್ಲ. ಬಿಡಿ ಎಂದರೆ ಬಿಟ್ಟೇಬಿಡುವ ಮನುಷ್ಯ ಇವರು, ನಾಳೆ ಕೋಪದಲ್ಲಿ ಇನ್ನೊಂದು ಸಲ ಅಂದರೆ ನನ್ನನ್ನೂ ಹೀಗೇ ಬಿಡುತ್ತಾರೆ ಎಂದು ಹೆದರಿಕೆಯಾಯಿತು.

ಆಮೇಲೆ ಆ ಪದವನ್ನು ಇಬ್ಬರೂ ಬಳಸಲಿಲ್ಲ. ಇಳಿಸಿ, ಏರಿಸಿ, ಅಷ್ಟೇ. ಬಿಸಿಲು ಇಳಿಯುವ ಹೊತ್ತಿಗೆ ಸರಳು ತನಗೇ ಬೇಸರವಾದಂತೆ ಸರಕ್ಕನೆ ಒಳಗೆ ಹೋಯಿತು. ಬೋಲ್ಟುಗಳನ್ನೆಲ್ಲ ಬಿಗಿದು ಬೀದಿಯ ಕೊನೆಯವರೆಗೆ ಓಡಿಸಿ ನೋಡಿದೆ. ಕ್ಲಚ್ ಬೆಣ್ಣೆಯಂತಿತ್ತು. ಭುಜ ಮಾತ್ರ ಊದಿಕೊಂಡಿತ್ತು. ಇಲ್ಲೂ ನಮ್ಮ ಊರಿನ ಹಾಗೆ ಗೇರ್ ಎಡಗೈಗೆ ಸಿಗುತ್ತದೆ. ಪ್ರತಿ ಸಲ ಗೇರ್ ಹಾಕುವಾಗಲೂ ಕಣ್ಣಲ್ಲಿ ನೀರು.

ಭಾನುವಾರ ಬೆಳಿಗ್ಗೆ ನನ್ನ ಸೂಟ್‌ಕೇಸ್ ಒಳಗಿಟ್ಟು ಹೊರಟೆ. ಇವರು ಮನೆಯಲ್ಲಿ ಹಾಕುವ ಚಡ್ಡಿ, ಅದೇ ಹವಾಯಿ ಚಪ್ಪಲಿಯಲ್ಲಿ ಬಂದು ಪಕ್ಕದ ಸೀಟಿನಲ್ಲಿ ಕೂತರು. “ಗೌಲ್ಬರ್ನ್‌ವರೆಗೆ ಬರ್ತೇನೆ. ಕ್ಲಚ್ ಹೇಗುಂಟು ನೋಡುವ. ಅಲ್ಲಿಂದ ವಾಪಸ್ ಬರ್ಲಿಕ್ಕೆ ಟ್ರೈನ್ ಉಂಟು.”

ಇವರಿಗೆ ಓಡಿಸಲು ಬರುವುದು ಆಟೊಮ್ಯಾಟಿಕ್ ಕಾರು ಮಾತ್ರ. ಮೊದಲ ಸಿಗ್ನಲ್ಲಿನಲ್ಲಿ ನಾನು ಗೇರ್ ಹಾಕಲು ಹೋಗಿ ಮುಖ ಕಿವುಚಿದ್ದನ್ನು ನೋಡಿ, “ನೀನು ಕ್ಲಚ್ ಒತ್ತು,” ಎಂದು ತಾವೇ ಗೇರ್ ಹಾಕಿದರು. ಹೈವೇ ಉದ್ದಕ್ಕೂ ಹಾಗೇ ಹೋದೆವು. ನಾನು ಒತ್ತುವುದು, ಅವರು ಹಾಕುವುದು. ಊರಿನ ಬೋರ್ಡುಗಳಲ್ಲಿ ಗೌಲ್ಬರ್ನ್ ಹತ್ತಿರವಾಗುತ್ತ ಬಂತು. ಕೇಳಲೇ ಎಂದು ಬಾಯಿ ತೆರೆದು ಮುಚ್ಚಿದೆ. ಕೇಳಿದರೆ ‘ನೋಡುವ’ ಎನ್ನುತ್ತಾರೆ, ನಾನು ಆ ಪದ ಆಡಿಬಿಡುತ್ತೇನೆ.

ಗೌಲ್ಬರ್ನ್ ಸ್ಟೇಷನ್ನಿನ ಎದುರು ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಇವರು ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟರು. ಅಲ್ಲಿನ ಚಳಿಗೆ ಚಪ್ಪಲಿಯೊಳಗಿನ ಬೆರಳುಗಳು ಮುದುಡಿದವು. ನಾನು ಸ್ಟೀರಿಂಗ್ ನೋಡುತ್ತ ಕೂತೆ. ಇನ್ನು ಮುಂದೆ ನಾನೇ ಹಾಕಿಕೊಳ್ಳಬೇಕಲ್ಲ ಎಂದು ಕ್ಲಚ್ ಒತ್ತಿ ಎಡಗೈಯನ್ನು ಗೇರಿನ ಕಡೆ ಎತ್ತಿದೆ, ನೋವಿಗೆ ಅರ್ಧಕ್ಕೇ ನಿಂತಿತು.

ಇವರ ಕಾಲು ಒಳಗೆ ಬಂತು. ಬಾಗಿಲು ಮುಚ್ಚಿತು.

“ಬಿಡು,” ಎಂದರು.

ನಾನು ಇವರ ಕಡೆ ತಿರುಗಿದೆ. “ಏನು ಬಿಡ್ಲಿ?”

“ಗಾಡಿ ಬಿಡು ಮಾರಾಯ್ತಿ. ಇನ್ನೆಂತ?” ಎಂದು ನನ್ನ ಕೈ ಸರಿಸಿ ಫಸ್ಟ್ ಗೇರ್ ಹಾಕಿದರು. ನಾನು ಮೆಲ್ಲಗೆ ಕ್ಲಚ್ ಬಿಟ್ಟೆ.