ಟವೆಲ್ಲಿನ ಕೆಳಗಿನ ಆದಾಯ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಸಾಬರೊಬ್ಬರಿದ್ದರು. ಗೂಡು ಕೊಳ್ಳುವಾಗ ಹೆಗಲ ಟವೆಲ್ಲನ್ನು ರೈತನ ಕೈಮೇಲೆ ಹೊದಿಸಿ, ಒಳಗೇ ಬೆರಳು ಒತ್ತಿ ದರ ಹೇಳುತ್ತಿದ್ದರು. "ದುಡ್ಡಿನ ಮಾತು ಬಾಯಲ್ಲಿ ಆಡಿದ್ರೆ ಬರಕತ್ತು ಹೋಗ್ತದೆ ಕಣಪ್ಪ" ಅನ್ನೋರು.

ನೂಲಿನ ಬೆಲೆ ಬಿದ್ದ ವರ್ಷವೇ ಆದಾಯ ತೆರಿಗೆ ಕಚೇರಿಯಿಂದ ಕರೆ ಬಂತು. ತೆರಿಗೆ ಜಾಸ್ತಿ ಹಾಕಿದರೆ ನೂಲಿನ ಒಲೆ ಆರಿಸಬೇಕಾಗಿತ್ತು. ಜೊತೆಗೆ ನಾನೂ ಹೋದೆ.

"ವರ್ಷಕ್ಕೆ ಎಷ್ಟು ಸಂಪಾದನೆ?" ಎಂದರು ಅಧಿಕಾರಿ.

ಸಾಬರು ಮೆಲ್ಲಗೆ ಅಧಿಕಾರಿಯ ಕೈಮೇಲೆ ಟವೆಲ್ಲು ಹೊದಿಸಿ ಬೆರಳು ಹಿಡಿದರು. ಲಂಚ ಅಂದುಕೊಂಡಾರೆಂದು ನಾನು ಬೆವೆತುಹೋದೆ.

ಅಧಿಕಾರಿ ಕೈ ಎಳೆದುಕೊಳ್ಳಲಿಲ್ಲ. "ನಮ್ಮಪ್ಪನೂ ಗೂಡು ಮಾರ್ತಿದ್ರು" ಎಂದು ಬೆರಳು ಮಡಿಸಿದರು, ಬಿಡಿಸಿದರು.

ಹೊರಗೆ ಬಂದ ಮೇಲೆ ತೆರಿಗೆ ಎಷ್ಟಾಯಿತೆಂದು ಕೇಳಿದೆ. ಸಾಬರು ಅತ್ತಿತ್ತ ನೋಡಿ, ನನ್ನ ಕೈಮೇಲೆ ಟವೆಲ್ಲು ಹಾಕಿದರು.