ಉಡಿಯಕ್ಕಿ

ಅವರು ನಿಟ್ಟುವಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಎಪ್ಪತ್ತೆರಡು ದಿನ ಬಾಡಿಗೆಗಿದ್ದರು. ಲಂಡನ್ನಿನಲ್ಲಿ ಹುಟ್ಟಿದ ಕಪ್ಪುವರ್ಣೀಯ ಸಂಶೋಧಕಿ. ಊರು ಬಿಟ್ಟು ಬಂದ ಹೆಂಗಸರು ಯಾವುದನ್ನು ಮನೆ ಎನ್ನುತ್ತಾರೆಂದು ಪುಸ್ತಕ ಬರೆಯುತ್ತಿದ್ದರು. ದುಭಾಷಿಯಾಗಿ ನಾನು ಅವರೊಡನೆ ಹರಿಹರದವರೆಗೆ ಮೂವತ್ತೆಂಟು ಮನೆ ಸುತ್ತಿದೆ. ಪ್ರತಿ ಹೊಸ್ತಿಲಲ್ಲೂ ಚಪ್ಪಲಿ ಬಿಟ್ಟು, ಕಣ್ಣು ಅರೆಮುಚ್ಚಿ, ಒಳಗಿನ ಒಗ್ಗರಣೆಯ ವಾಸನೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಬಾಯಲ್ಲಿ ಅವರ ಅದೇ ಪ್ರಶ್ನೆ: “ನಿಮ್ಮನೆ ಯಾವುದ್ರಿ?”

ಹೆಂಗಸರು ತಿರುಗಿ ಕೇಳುತ್ತಿದ್ದರು, “ನಿಮ್ದು ಯಾವೂರ್ರಿ?” ಲಂಡನ್ ಎಂದರೆ, “ಅಲ್ರಿ, ಖರೇ ಊರು?” ಇಪ್ಪತ್ತಾರು ಮನೆಗಳಲ್ಲಿ ಹೀಗಾಯಿತು.

“ಲಂಡನ್ನಿನಲ್ಲೂ ಇದನ್ನೇ ಕೇಳುತ್ತಾರೆ,” ಎಂದು ವಾಪಸ್ ಬರುವ ಬಸ್ಸಿನಲ್ಲಿ ನನಗೆ ಹೇಳುತ್ತಿದ್ದರು.

ಹೊರಡುವ ಬೆಳಿಗ್ಗೆ ಅಮ್ಮ, ತವರಿಂದ ಮಗಳನ್ನು ಕಳಿಸುವಂತೆ, ಅವರ ದುಪಟ್ಟಾದಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. “ಈ ಅಕ್ಕಿ ನಿಮ್ ಮನ್ಯಾಗೇ ಬೇಯ್ಸಿ ಉಣ್ಬೇಕು. ಬ್ಯಾರೆ ಕಡೆ ಬ್ಯಾಡ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಿದ್ದೆಯಲ್ಲಿ ನಡೆಯುವವರಂತೆ ನಮ್ಮ ಅಡುಗೆಮನೆಗೆ ಹೋಗಿ ಉಡಿಯ ಅಕ್ಕಿಯನ್ನು ತೊಳೆಯತೊಡಗಿದರು.

“ಅಯ್ಯ, ತವರಿನ ಅಕ್ಕಿ ತವರಾಗೇ ಬೇಯಿಸ್ತಾರೇನು!” ಅಮ್ಮ ಹಿಂದೆಯೇ ಓಡಿದಳು. ಅವರ ಕೈಯಲ್ಲಿದ್ದ ಸಣ್ಣ ಪಾತ್ರೆ ಕಸಿದುಕೊಂಡು ಅಟ್ಟದ ದೊಡ್ಡದನ್ನು ಇಳಿಸಿ ಕೊಟ್ಟಳು. “ಇದ್ರಾಗ ಇಡು. ನಾವೂ ಉಣ್ಬೇಕಲ್ಲ.”